ಏಳು ತಂತಿಯ ಕಾರ್ಬನ್ ಫೈಬರ್ ಗಿಟಾರ್‌ಗೆ ಯಾವ ತಂತಿ?

ಪ್ರಶ್ನೆ: ನನ್ನದು ಏಳು ತಂತಿಯ ಕಾರ್ಬನ್ ಫೈಬರ್ ಅಕೌಸ್ಟಿಕ್ ಗಿಟಾರ್. ಸ್ಕೇಲ್, ಅಂದರೆ ತಂತಿ ಮಿಡಿಯುವ ಭಾಗದ ಉದ್ದ, 25.5 ಇಂಚು. ಏಳನೇ ತಂತಿಗೆ ಮಂದ್ರದ ಬಿ ಶ್ರುತಿ. ಆರು ತಂತಿಯ 12–53 ಸೆಟ್ (ಈ ಅಂಕಿಗಳು ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಹಾಕಿ, ಏಳನೆಯದಕ್ಕೆ ಎಲೆಕ್ಟ್ರಿಕ್ ಗಿಟಾರ್‌ನ 60ರ ಬಿಡಿ ತಂತಿ ಕಟ್ಟಿದ್ದೇನೆ. ಅದು ಸಡಿಲವಾಗಿದೆ, ಫ್ರೆಟ್‌ಗೆ ಬಡಿಯುತ್ತದೆ, ದನಿಯೂ ಮಂಕು. ತೊಂದರೆ ಗಿಟಾರ್‌ನಲ್ಲಿದೆಯೋ ತಂತಿಯಲ್ಲೋ?

ಉತ್ತರ: ತಂತಿಯಲ್ಲೇ. ಗಿಟಾರನ್ನು ಬಿಚ್ಚಿಸಲು ಹೋಗಬೇಡಿ.

ಮೊದಲು ಎಳೆತದ ಲೆಕ್ಕ ನೋಡೋಣ. ನಿಮ್ಮ ಸ್ಕೇಲ್‌ನಲ್ಲಿ 53ರ ಫಾಸ್ಫರ್ ಬ್ರಾಂಜ್ ತಂತಿ ಇ ಶ್ರುತಿಯಲ್ಲಿದ್ದಾಗ ಅದರ ಎಳೆತ ಸುಮಾರು 12 ಕೆ.ಜಿ. ಇರುತ್ತದೆ. ಅದೇ ತಂತಿಯನ್ನು ಬಿಗೆ ಇಳಿಸಿದರೆ ಉಳಿಯುವುದು ನೂರಕ್ಕೆ 56 ಭಾಗ ಅಷ್ಟೇ, ಅಂದರೆ ಏಳು ಕೆ.ಜಿ.ಗೂ ಕಡಿಮೆ. ಶ್ರುತಿ ಸ್ವಲ್ಪ ಇಳಿದರೂ ಎಳೆತ ತುಂಬಾ ಇಳಿಯುತ್ತದೆ. ಹಾಗಾಗಿ ಕೆಳಗಿನ ಬಿಗೆ ದಪ್ಪ ತಂತಿಯೇ ಬೇಕು. ಫಾಸ್ಫರ್ ಬ್ರಾಂಜ್‌ನಲ್ಲಿ 60 ಹಾಕಿದರೆ ಸುಮಾರು 8.5 ಕೆ.ಜಿ., 70 ಹಾಕಿದರೆ ಸುಮಾರು 11.5 ಕೆ.ಜಿ. ಎಳೆತ ಬರುತ್ತದೆ. ನಿಮ್ಮ ಆರನೇ ತಂತಿಯ ಪಕ್ಕ ಸರಿಸಮ ನಿಲ್ಲುವುದು ಈ 70.

ಸಡಿಲ ತಂತಿಯನ್ನು ಟ್ಯೂನರ್‌ನಲ್ಲೇ ಕಂಡುಹಿಡಿಯಬಹುದು. ಏಳನೇ ತಂತಿಯನ್ನು ಜೋರಾಗಿ ಮೀಟಿ ಮುಳ್ಳನ್ನು ನೋಡಿ. ಮೀಟಿದ ಕ್ಷಣ ಮುಳ್ಳು ಮೇಲಕ್ಕೆ ಹಾರಿ, ಆಮೇಲೆ ನಿಧಾನವಾಗಿ ಬಿಗೆ ಇಳಿದು ನಿಲ್ಲುತ್ತಿದ್ದರೆ ಎಳೆತ ಸಾಲದು ಎಂದೇ ಅರ್ಥ. ಪಕ್ಕವಾದ್ಯದ ಜೊತೆ ನುಡಿಸುವಾಗ ಪ್ರತಿ ಪೆಟ್ಟಿನ ಶುರುವಿನಲ್ಲೂ ಅಪಶ್ರುತಿ ಕೇಳುತ್ತದೆ, ಅಲ್ವಾ? ಕಾರಣ ಇದೇ.

ಇನ್ನು ಮಂಕು ದನಿ. ಎಲೆಕ್ಟ್ರಿಕ್ ಗಿಟಾರ್‌ನ ತಂತಿಗೆ ಸಾಮಾನ್ಯವಾಗಿ ನಿಕಲ್ ಲೇಪದ ಉಕ್ಕಿನ ಸುತ್ತು ಇರುತ್ತದೆ. ಅದನ್ನು ಮಾಡಿರುವುದು ಮ್ಯಾಗ್ನೆಟಿಕ್ ಪಿಕಪ್‌ಗಾಗಿ. ಬ್ರಾಂಜ್ ತಂತಿಗಳ ಪಕ್ಕ ಅದೊಂದೇ ಬೇರೆ ದನಿಯಲ್ಲಿ ಮಾತಾಡುತ್ತದೆ. ಉಳಿದ ಆರಕ್ಕೆ ಯಾವ ಲೋಹವೋ ಏಳನೆಯದಕ್ಕೂ ಅದೇ ಲೋಹ ಇರಲಿ.

ಏಳು ತಂತಿಯ ಅಕೌಸ್ಟಿಕ್ ಸೆಟ್ ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕೊಂದು ಸುಲಭ ದಾರಿ ಇದೆ. ಬ್ಯಾರಿಟೋನ್ ಅಕೌಸ್ಟಿಕ್ ಗಿಟಾರ್‌ನ ಸೆಟ್‌ಗಳು ಬಿಯಿಂದ ಬಿವರೆಗಿನ ಶ್ರುತಿಗೆ ಮಾಡಿದವು. ಅವುಗಳ ಕೆಳಗಿನ ತಂತಿ ಹೆಚ್ಚಾಗಿ 70ರ ಆಸುಪಾಸಿನಲ್ಲಿರುತ್ತದೆ. ಅದನ್ನು ಬಿಡಿಯಾಗಿ ತರಿಸಿ ಏಳನೇ ತಂತಿಯಾಗಿ ಹಾಕಿ. 12–53 ಸೆಟ್ ಹಾಗೇ ಇರಲಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ದಪ್ಪ ಹೆಚ್ಚಿದಷ್ಟೂ ಒಳ್ಳೆಯದು ಎಂದೂ ಅಲ್ಲ. ದಪ್ಪ ತಂತಿ ಸಲಾಕೆಯಂತೆ ಬಿರುಸಾಗುತ್ತದೆ. 12ನೇ ಫ್ರೆಟ್ ಮೇಲೆ ಹಾರ್ಮೋನಿಕ್ ನುಡಿಸಿ (ತಂತಿಯನ್ನು ಒತ್ತದೆ, ಬೆರಳು ಸುಮ್ಮನೆ ತಾಗಿಸಿ ಮೀಟಿ), ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ 66ಕ್ಕೆ ಇಳಿದು ನೋಡಿ. ಬೆರಳಲ್ಲಿ ಮೆತ್ತಗೆ ಮೀಟುವವರಿಗೆ 66 ಸಾಕು. ಪಿಕ್ ಹಿಡಿದು ಜೋರಾಗಿ ಬಾರಿಸುವವರಿಗೆ ನಾನು 70ನ್ನೇ ಹೇಳುತ್ತೇನೆ.

ತಂತಿ ಕಟ್ಟುವ ಮೊದಲು ನಟ್‌ನ, ಅಂದರೆ ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ, ಸೀಳು ನೋಡಿ. 60 ಕೂತಿದ್ದ ಸೀಳಿನಲ್ಲಿ 70 ಮೇಲೆಯೇ ಸಿಕ್ಕಿಕೊಳ್ಳಬಹುದು. ಕೀ ತಿರುಗಿಸುವಾಗ ಟಿಕ್ ಟಿಕ್ ಸದ್ದಿನೊಂದಿಗೆ ಶ್ರುತಿ ಜಿಗಿದು ಜಿಗಿದು ಏರಿದರೆ ಸೀಳು ಬಿಗಿಯಾಗಿದೆ. ತಂತಿಗಿಂತ ಕೂದಲೆಳೆಯಷ್ಟು ಅಗಲ ಇರಬೇಕು. ಟ್ಯೂನಿಂಗ್ ಕೀಯ ತೂತಲ್ಲಿ ತಂತಿ ತೂರುತ್ತದೆಯೇ, ಬ್ರಿಡ್ಜ್ ಪಿನ್ ಪೂರ್ತಿ ಕೂರುತ್ತದೆಯೇ ಎಂದೂ ನೋಡಿ. ಪಿನ್ ಕೂರದಿದ್ದರೆ ಕಾರ್ಬನ್ ಫೈಬರ್‌ನ ತೂತನ್ನು ಮನೆಯಲ್ಲಿ ಉಜ್ಜಬೇಡಿ. ಅದರ ಪುಡಿ ಮೂಗು, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹೆಚ್ಚಿನ ಸಲ ಪಿನ್ ಬದಲಿಸಿದರೆ ಸಾಕಾಗುತ್ತದೆ.

ಒಂದು ಮಾತು. ಏಳು ತಂತಿ ಎಂದರೆ ಎಲ್ಲರಿಗೂ ಕೆಳಗಿನ ಬಿ ಅಲ್ಲ. ರಷ್ಯನ್ ಏಳು ತಂತಿಗೆ ಡಿ ಜಿ ಬಿ ಡಿ ಜಿ ಬಿ ಡಿ ಶ್ರುತಿ. ಬ್ರೆಜಿಲ್‌ನ ಶೋರೊ ಸಂಗೀತದಲ್ಲಿ ಏಳನೆಯದು ಸಿ ಅಥವಾ ಬಿ, ಈಗ ಬಹುಪಾಲು ನೈಲಾನ್ ತಂತಿಯಲ್ಲಿ. ಶ್ರುತಿ ಬದಲಾದರೆ ಮೇಲೆ ಹೇಳಿದ ದಪ್ಪಗಳೂ ಬದಲಾಗುತ್ತವೆ. ನೈಲಾನ್‌ಗಾಗಿ ಮಾಡಿದ ಗಿಟಾರ್‌ಗಂತೂ ಉಕ್ಕಿನ ತಂತಿ ಹಾಕಲೇಬೇಡಿ.

ಪ್ರಶ್ನೆ: ಕಾರ್ಬನ್ ಫೈಬರ್ ಮರಕ್ಕಿಂತ ಗಟ್ಟಿ ತಾನೇ? ಹಾಗಾದರೆ ಆರು ತಂತಿಯ ನನ್ನ ಗಿಟಾರ್‌ಗೆ 13–56 ಹಾಕಬಹುದೇ? ಯಾವ ಲೋಹ ಒಳ್ಳೆಯದು?

ಉತ್ತರ: ಹಾಕಬಹುದೇ ಎಂದರೆ, ತಯಾರಕರು ಒಪ್ಪಿದ್ದರೆ ಹಾಕಬಹುದು. ಹಾಕಬೇಕೇ ಎನ್ನುವುದು ಬೇರೆ. 12–53 ಸೆಟ್‌ನ ಒಟ್ಟು ಎಳೆತ ಸುಮಾರು 74 ಕೆ.ಜಿ. 13–56ಕ್ಕೆ ಹತ್ತು ಕೆ.ಜಿ. ಆಸುಪಾಸು ಜಾಸ್ತಿ. ಬಾಡಿ ಅದನ್ನು ತಡೆದುಕೊಳ್ಳುತ್ತದೆ. ಆದರೆ ನೆಕ್ ಸ್ವಲ್ಪವಾದರೂ ಬಾಗುತ್ತದೆ, ತಂತಿ ಎತ್ತರವಾಗುತ್ತದೆ. ಕೆಲವು ಕಾರ್ಬನ್ ಗಿಟಾರ್‌ಗಳಲ್ಲಿ ನೆಕ್‌ನ ಬಾಗು ಸರಿಪಡಿಸುವ ಸರಳು, ಅಂದರೆ ಟ್ರಸ್ ರಾಡ್, ಇರುವುದೇ ಇಲ್ಲ. ಅಂಥದ್ದರಲ್ಲಿ ಸರಿಪಡಿಸಲು ಉಳಿಯುವುದು ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಒಂದೇ. ಅದಕ್ಕಿಂತ ಮುಖ್ಯ ನಿಮ್ಮ ಬೆರಳು. ಸುಮ್ನೆ ಗಟ್ಟಿ ಇದೆ ಅಂತ ದಪ್ಪ ತಂತಿ ಹಾಕಿ ಬೆರಳು ನೋಯಿಸಿಕೊಳ್ಳುವುದು ಬೇಡ.

ಲೋಹದ ವಿಷಯಕ್ಕೆ ಬರೋಣ. ಕಾರ್ಬನ್ ಮೇಲ್ಹಲಗೆ ಹಗುರ ಮತ್ತು ಬಿರುಸು. ಹಾಗಾಗಿ ಚುರುಕಾದ ತಾರ ದನಿ ಚೆನ್ನಾಗಿ ಉಳಿದುಕೊಳ್ಳುತ್ತದೆ. 80/20 ಬ್ರಾಂಜ್, ಅಂದರೆ ನೂರಕ್ಕೆ 80 ತಾಮ್ರ, 20 ಸತು ಇರುವ ತಂತಿ, ಹೊಸದರಲ್ಲಿ ತುಂಬಾ ಝಣಝಣ ಎನ್ನುತ್ತದೆ. ಕಾರ್ಬನ್ ಮೇಲೆ ಅದು ನನ್ನ ಕಿವಿಗೆ ತೀಕ್ಷ್ಣವಾಗುತ್ತದೆ. ತಾಮ್ರ ಮತ್ತು ತವರದ ಫಾಸ್ಫರ್ ಬ್ರಾಂಜ್ ಸ್ವಲ್ಪ ದುಂಡಗಿನ ದನಿ ಕೊಡುತ್ತದೆ. ಮೊದಲು ಅದನ್ನೇ ಹಾಕಿ. ಅದೂ ಚುರುಕು ಜಾಸ್ತಿ ಅನ್ನಿಸಿದರೆ ನಿಕಲ್ ಮತ್ತು ತಾಮ್ರದ ಮೋನೆಲ್ ತಂತಿ ಇದೆ. ಅದು ಹೊಸದಾಗಿದ್ದಾಗಲೂ ಶಾಂತ.

ಲೇಪ ಇರುವ ತಂತಿ ಬೇಕೇ ಎಂದು ಕೆಲವರು ಕೇಳುತ್ತಾರೆ. ಕಾರ್ಬನ್ ಬಾಡಿ ತೇವ ಹೀರುವುದಿಲ್ಲ ನಿಜ. ಆದರೆ ತಂತಿಗೆ ಬೆವರು ತಾಕುವುದು ತಪ್ಪುವುದಿಲ್ಲ. ಕೈ ಬೆವರುವವರಿಗೆ ಲೇಪ ಒಳ್ಳೆಯದು. ಬಿಸಿಲಲ್ಲಿ ನುಡಿಸುವವರೂ ಒಂದು ವಿಷಯ ನೆನಪಿಡಿ. ಬಿಸಿಗೆ ಕಾರ್ಬನ್ ಫೈಬರ್ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಉಕ್ಕಿನ ತಂತಿ ಹಿಗ್ಗುತ್ತದೆ. ಆಗ ಶ್ರುತಿ ಇಳಿಯುತ್ತದೆ. ಅದು ಗಿಟಾರ್‌ನ ದೋಷವಲ್ಲ.

ಹಾಗೆಯೇ, ‘ಕಾರ್ಬನ್ ತಂತಿ’ ಎಂದು ಮಾರುವ ಫ್ಲೋರೋಕಾರ್ಬನ್ ತಂತಿ ನೈಲಾನ್ ಗಿಟಾರ್‌ಗೆ. ಅದನ್ನು ತಂದು ಹಾಕಬೇಡಿ.

ಪ್ರಶ್ನೆ: ಏಳನೇ ತಂತಿಯನ್ನು ಮೇಲಿನ ಎಗೆ ಶ್ರುತಿ ಮಾಡಲು ಹೋದರೆ 10ರ ತಂತಿ ಪ್ರತಿ ಸಲ ಕಡಿದು ಹೋಗುತ್ತದೆ. ಇನ್ನೂ ದಪ್ಪದ್ದು ಹಾಕಲೇ?

ಉತ್ತರ: ಬೇಡ, ತೆಳ್ಳಗಿನದು ಹಾಕಿ. ದಪ್ಪ ಹೆಚ್ಚಿಸಿದರೆ ತಂತಿಯ ಬಲ ಹೆಚ್ಚುತ್ತದೆ, ಆದರೆ ಅದೇ ಸ್ವರಕ್ಕೆ ಬೇಕಾದ ಎಳೆತವೂ ಅಷ್ಟೇ ಹೆಚ್ಚುತ್ತದೆ. ಲಾಭ ಏನೂ ಇಲ್ಲ. 25.5 ಇಂಚಿನಲ್ಲಿ 440 ಹರ್ಟ್ಸ್‌ನ ಎ ಎಂದರೆ ಉಕ್ಕಿನ ತಂತಿ ತಾಳುವ ಕೊನೆಯ ಅಂಚು. ತೆಳ್ಳಗಿನ ಉಕ್ಕಿನ ಎಳೆ ಅದರ ದಪ್ಪಕ್ಕೆ ಹೋಲಿಸಿದರೆ ಸ್ವಲ್ಪ ಹೆಚ್ಚು ತಾಳುತ್ತದೆ. ಆದ್ದರಿಂದ 8 ಹಾಕಿ ನೋಡಿ. ಹನ್ನೆರಡು ತಂತಿಯ ಸೆಟ್‌ನಲ್ಲಿ ಮೇಲಿನ ಜಿಗೆ ಬರುವ ತೆಳ್ಳಗಿನ ತಂತಿಯೂ 8 ಅಥವಾ 9 ಆಗಿರುತ್ತದೆ, ಅದನ್ನೇ ಬಳಸಬಹುದು. ನಿಧಾನವಾಗಿ ಏರಿಸಿ. ಕಡಿದ ಜಾಗ ಪ್ರತಿ ಸಲ ಸ್ಯಾಡಲ್ ಹತ್ತಿರವೇ ಇದ್ದರೆ ಅಲ್ಲಿ ಚೂಪಾದ ಅಂಚಿದೆ, ಅದನ್ನು ನುಣುಪು ಮಾಡಿಸಿ. ಇಷ್ಟಾದರೂ ಕಡಿದರೆ ಜಿಯಲ್ಲೇ ನಿಲ್ಲಿಸಿ, ಇಲ್ಲವೇ ಇಡೀ ಗಿಟಾರನ್ನು ಒಂದು ಸ್ವರ ಕೆಳಗೆ ಶ್ರುತಿ ಮಾಡಿ, ಎರಡನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ನುಡಿಸಿ.