ಭಟ್ಟಿಪಾತ್ರೆ ಕೊಳ್ಳುವ ಮುನ್ನ: ಕ್ರೈಸ್ಟ್‌ಚರ್ಚ್‌ನಿಂದ ಒಂದು ಉತ್ತರ

ನಮಸ್ಕಾರ. ಹಾಸನದಿಂದ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಬಂದು ಮೂರು ತಿಂಗಳಾಯಿತೆಂದೂ, ಜೊತೆಯಲ್ಲಿ ಕೆಲಸ ಮಾಡುವವರೊಬ್ಬರ ಮನೆಯಲ್ಲಿ ಅವರೇ ತಯಾರಿಸಿದ ಬಿಯರನ್ನೂ ಜಿನ್ನನ್ನೂ ಕಂಡು ಬೆರಗಾದಿರೆಂದೂ ಬರೆದಿದ್ದೀರಿ. ಇದು ಇಲ್ಲಿ ನಿಜವಾಗಿಯೂ ಕಾನೂನುಬದ್ಧವೇ, ಮೊದಲು ಯಾವ ಭಟ್ಟಿಪಾತ್ರೆಯನ್ನು ಕೊಳ್ಳಬೇಕು, ಕಳ್ಳಭಟ್ಟಿ ಕುಡಿದು ಕಣ್ಣು ಕಳೆದುಕೊಂಡವರ ಸಂಗತಿ ಹೇಳಿ ಊರಿನಲ್ಲಿ ತಂದೆಯವರು ಪಡುತ್ತಿರುವ ಭಯದಲ್ಲಿ ಹುರುಳಿದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಮಡಿಕೇರಿಯ ಕಡೆಯವನು, ಇಲ್ಲಿಗೆ ಬಂದು 17 ವರ್ಷಗಳಾದವು. ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆಗಳಿಂದ ಮನೆಯಲ್ಲೇ ವೈನ್ ಮಾಡುವುದನ್ನು ನೋಡುತ್ತ ಬೆಳೆದವನಾದ್ದರಿಂದ ಈ ವಿಷಯ ನನಗೆ ಬಹಳ ಹತ್ತಿರದ್ದು.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆಂದು ಮನೆಯಲ್ಲಿ ಮದ್ಯವನ್ನು ಭಟ್ಟಿ ಇಳಿಸುವುದು ನ್ಯೂಜಿಲೆಂಡಿನಲ್ಲಿ 1996ರಿಂದ ಅಪರಾಧವಲ್ಲ. ಆದರೆ ಒಂದೇ ಒಂದು ಬಾಟಲಿಯನ್ನು ಮಾರಿದರೂ ಪರವಾನಗಿ ಮತ್ತು ಅಬಕಾರಿ ಸುಂಕದ ಪ್ರಶ್ನೆ ಏಳುತ್ತದೆ. ವೀಸಾದ ಮೇಲೆ ಇಲ್ಲಿರುವವರಿಗೆ ಅದು ದಂಡ ಕಟ್ಟಿ ಕೈತೊಳೆದುಕೊಳ್ಳುವಂಥ ವಿಷಯವಲ್ಲ. ಸಮುದ್ರದಾಚೆಯ ಆಸ್ಟ್ರೇಲಿಯಾದಲ್ಲಿ ಪರವಾನಗಿಯಿಲ್ಲದೆ ಸ್ವಂತಕ್ಕೆಂದು ಇಳಿಸುವುದೂ ಅಪರಾಧ. ನಮ್ಮಲ್ಲಂತೂ 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಅದು ಅಪರಾಧವೇ ಆದ್ದರಿಂದ, ಇಲ್ಲಿ ಕಲಿತದ್ದನ್ನು ರಜೆಗೆ ಹೋದಾಗ ಹಾಸನದಲ್ಲಿ ಮಾಡಿ ತೋರಿಸುವ ಆಲೋಚನೆ ಬೇಡ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಭಟ್ಟಿಪಾತ್ರೆಯನ್ನು ಈಗ ಕೊಳ್ಳಬೇಡಿ. ಕನಿಷ್ಠ ಒಂದು ವರ್ಷ ಬಿಯರ್ ಮತ್ತು ವೈನ್ ಮಾಡಿ, ಹುದುಗು ಬರಿಸುವುದನ್ನು ಕಲಿಯಿರಿ. ಭಟ್ಟಿಪಾತ್ರೆ ಯಾವುದನ್ನೂ ಹೊಸದಾಗಿ ಸೃಷ್ಟಿಸುವುದಿಲ್ಲ. ಹುದುಗಿದ ದ್ರವದಲ್ಲಿ, ಅಂದರೆ ನಮ್ಮ ಕಡೆ ಕೊಳೆ ಎನ್ನುತ್ತಾರಲ್ಲ ಅದರಲ್ಲಿ, ಏನಿದೆಯೋ ಅದನ್ನೇ ಸಾಂದ್ರಗೊಳಿಸಿ ಕೊಡುತ್ತದೆ. ಕೊಳೆಯಲ್ಲಿ ಘಾಟು ಇದ್ದರೆ ಇಳಿದು ಬಂದದ್ದರಲ್ಲಿ ಅದು ಇನ್ನಷ್ಟು ಘಾಟಾಗಿರುತ್ತದೆ. ಸಾವಿರ ಡಾಲರ್ ಸುರಿದು ತಾಮ್ರದ ಕಂಬವಿರುವ ಪಾತ್ರೆ ತಂದ ಹಲವರು ಎರಡೇ ತಿಂಗಳಲ್ಲಿ ಅದನ್ನು ಇಲ್ಲಿನ ಆನ್‌ಲೈನ್ ಮಾರುಕಟ್ಟೆಯಾದ ಟ್ರೇಡ್ ಮಿಯಲ್ಲಿ ಮಾರಾಟಕ್ಕೆ ಹಾಕಿದ್ದನ್ನು ನಾನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಕೈಕೊಟ್ಟದ್ದು ಪಾತ್ರೆಯಲ್ಲ, ಕೊಳೆ.

ಹುದುಗಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಉಷ್ಣತೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಉಕ್ಕದೆ ಉಳಿಯುವುದನ್ನೂ ಬೇಸಿಗೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳಿಯೇರುವುದನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಇಲ್ಲಿನ ರಾತ್ರಿಗಳು ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತವೆ, ಹಳೆಯ ಬಾಡಿಗೆ ಮನೆಗಳು ಒಳಗೂ ಅಷ್ಟೇ ತಣ್ಣಗಿರುತ್ತವೆ. ನನ್ನ ಮೊದಲ ಬಿಯರನ್ನು ಬೆಚ್ಚಗಿರಲೆಂದು ಬಿಸಿನೀರಿನ ಸಿಲಿಂಡರ್ ಇರುವ ಬೀರುವಿನೊಳಗೆ ಇಟ್ಟೆ. ಎರಡನೆಯ ದಿನ ಅದರ ಉಷ್ಣತೆ 29 ಡಿಗ್ರಿ ಮುಟ್ಟಿತ್ತು. ಕೊನೆಗೆ ಸಿಕ್ಕಿದ್ದು ಉಗುರುಬಣ್ಣದ ವಾಸನೆಯ, ಕುಡಿದರೆ ತಲೆನೋವು ತರುವ 23 ಲೀಟರ್ ದ್ರವ. ಏಲ್ ಎಂಬ ಬಗೆಯ ಬಿಯರ್‌ನ ಸಾಮಾನ್ಯ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ತಂಪಿನಲ್ಲಿ ಹುದುಗುವ ಲಾಗರ್ ಬಗೆಗೆ 10ರಿಂದ 12. ಯೀಸ್ಟ್ ಬಿರುಸಾಗಿ ಕೆಲಸ ಮಾಡುವಾಗ ತಾನೇ ಶಾಖವನ್ನು ಹುಟ್ಟಿಸುವುದರಿಂದ, ಕೋಣೆಯ ಉಷ್ಣತೆಗಿಂತ ದ್ರವದ ಉಷ್ಣತೆ ಹಲವು ಡಿಗ್ರಿ ಹೆಚ್ಚಿರಬಹುದು, ಅದರಲ್ಲೂ ಮೊದಲ ಮೂರು ದಿನ. ಆದ್ದರಿಂದ ನಿಮ್ಮ ಮೊದಲ ದೊಡ್ಡ ಖರ್ಚು ಒಂದು ಹಳೆಯ ಫ್ರಿಜ್, ಅದನ್ನು ಹೊತ್ತಿಗೆ ಸರಿಯಾಗಿ ಚಾಲೂ ಮಾಡಿ ನಿಲ್ಲಿಸುವ ಉಷ್ಣತಾ ನಿಯಂತ್ರಕ, ಮತ್ತು ಚಳಿಗಾಲಕ್ಕೆ ಪಾತ್ರೆಗೆ ಸುತ್ತುವ ಕಾವಿನ ಪಟ್ಟಿ ಆಗಿರಲಿ. ನನ್ನ ಬಿಯರ್‌ನ ಗುಣ ಒಂದೇ ಹೆಜ್ಜೆಯಲ್ಲಿ ಏರಿದ್ದು ಇವನ್ನು ತಂದ ಮೇಲೆಯೇ.

ಉಳಿದ ಸಾಮಗ್ರಿ ಅಗ್ಗ. 30 ಲೀಟರಿನ ಪ್ಲಾಸ್ಟಿಕ್ ಬಕೆಟ್, ಅದರ ಮುಚ್ಚಳಕ್ಕೆ ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಗಾಳಿಬೀಗ, ಸೈಫನ್ ಕೊಳವೆ, ಥರ್ಮಾಮೀಟರ್, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಇಷ್ಟು ಸಾಕು. ಬಕೆಟ್ಟಿನ ಒಳಗನ್ನು ಒರಟು ನಾರಿನಿಂದ ಉಜ್ಜಬೇಡಿ, ಏಕೆಂದರೆ ಗೀರುಗಳಲ್ಲಿ ಕುಳಿತ ಬ್ಯಾಕ್ಟೀರಿಯಾ ಯಾವ ದ್ರಾವಣಕ್ಕೂ ಸುಲಭವಾಗಿ ಸಿಗುವುದಿಲ್ಲ. ತೊಳೆಯುವುದು ಬೇರೆ, ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಬೇರೆ; ಕಾಣುವ ಕೊಳಕು ಪೂರ್ತಿ ಹೋಗುವವರೆಗೆ ಎರಡನೆಯದು ಫಲಿಸುವುದಿಲ್ಲ. ಬಟ್ಟೆಗೆ ಹಾಕುವ ಬ್ಲೀಚ್ ಬೇಡ, ಅದರ ಕ್ಲೋರಿನ್ ಉಳಿದರೆ ಬಿಯರ್‌ಗೆ ಆಸ್ಪತ್ರೆಯ ವಾಸನೆ ಬರುತ್ತದೆ. ನಲ್ಲಿಯ ನೀರಿನಲ್ಲೂ ಇದೇ ತೊಂದರೆಯಿದೆ. ನಾನು ಬಂದಾಗ ಈ ಊರಿಗೆ ನೆಲದಾಳದ ನೀರು ಕ್ಲೋರಿನ್ ಇಲ್ಲದೆಯೇ ಬರುತ್ತಿತ್ತು; ಉತ್ತರ ದ್ವೀಪದ ಹ್ಯಾವ್‌ಲಾಕ್ ನಾರ್ತ್‌ನಲ್ಲಿ 2016ರಲ್ಲಿ ಕುಡಿಯುವ ನೀರು ಕಲುಷಿತವಾಗಿ ಸಾವಿರಾರು ಜನ ಕಾಯಿಲೆ ಬಿದ್ದ ನಂತರ ನಿಯಮಗಳು ಬಿಗಿಯಾಗಿ, 2018ರಲ್ಲಿ ಇಲ್ಲಿಯೂ ಕ್ಲೋರಿನ್ ಸೇರಿಸತೊಡಗಿದರು. ಆ ವರ್ಷ ನನ್ನ ಎರಡು ಬಿಯರ್‌ಗಳು ಕೆಟ್ಟವು. ಈಗ 23 ಲೀಟರ್ ನೀರಿಗೆ ಕ್ಲೋರಿನ್ ಕಳೆಯುವ ಕ್ಯಾಂಪ್ಡೆನ್ ಮಾತ್ರೆಯ ಅರ್ಧವನ್ನು ಪುಡಿಮಾಡಿ ಹಾಕುತ್ತೇನೆ, ಆ ವಾಸನೆ ಮತ್ತೆ ಬಂದಿಲ್ಲ.

ಹೈಡ್ರೋಮೀಟರನ್ನು ನಂಬಿ, ಗಾಳಿಬೀಗದ ಗುಳ್ಳೆಗಳನ್ನು ನಂಬಬೇಡಿ. ಆರಂಭದಲ್ಲಿ 1.050 ಇದ್ದ ಸಾಂದ್ರತೆ 1.010ಕ್ಕೆ ಇಳಿದರೆ, ವ್ಯತ್ಯಾಸವನ್ನು 131ರಿಂದ ಗುಣಿಸಿದಾಗ ಸುಮಾರು 5.2 ಶೇಕಡಾ ಮದ್ಯಸಾರ ಎಂದು ತಿಳಿಯುತ್ತದೆ. ಮೂರು ದಿನಗಳ ಅಂತರದಲ್ಲಿ ಎರಡು ಸಲ ನೋಡಿ, ಅಂಕಿ ಕದಲದಿದ್ದರೆ ಮಾತ್ರ ಬಾಟಲಿಗೆ ತುಂಬಿ. ನೊರೆ ಬರಲೆಂದು ಬಾಟಲಿಗೆ ಹಾಕುವ ಸಕ್ಕರೆ ಲೀಟರಿಗೆ 6ರಿಂದ 7 ಗ್ರಾಂಗಿಂತ ಹೆಚ್ಚು ಬೇಡ. ಹುದುಗು ಮುಗಿಯುವ ಮುನ್ನ ಮುಚ್ಚಿದ ಗಾಜಿನ ಬಾಟಲಿ ಸಿಡಿಯುತ್ತದೆ, ಚೂರುಗಳು ಗೋಡೆಗೆ ನಾಟುತ್ತವೆ. ಈ ಅಂಕಿಯ ಇನ್ನೊಂದು ಉಪಯೋಗವೂ ಇದೆ. ಇಲ್ಲಿ 20 ವರ್ಷ ದಾಟಿದ ಚಾಲಕರಿಗೆ ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮಿತಿ. ಮನೆಯ ಬಿಯರ್ ಅಂಗಡಿಯದಕ್ಕಿಂತ ಕಡುವಾಗಿರುವುದು ಸಾಮಾನ್ಯವಾದ್ದರಿಂದ, ಅತಿಥಿಗಳಿಗೆ ಕೊಡುವಾಗ ಅಂಕಿಯನ್ನು ಬಾಟಲಿಯ ಮೇಲೆಯೇ ಬರೆದಿಡಿ.

ಮೊದಲೆರಡು ಬಾರಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಅಂದರೆ ಮಾಲ್ಟಿನ, ಡಬ್ಬಿಯ ಪಾಕದಿಂದ ಮಾಡಿದರೆ ಸಾಕು. ನಂತರ ಮಾಲ್ಟ್ ಕಾಳಿಗೆ ಬನ್ನಿ: ಒಡೆದ ಬಾರ್ಲಿ ಮಾಲ್ಟನ್ನು 66 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟು, ಆ ನೀರನ್ನು ಬಿಯರ್‌ಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಹೂಗಳ ಜೊತೆ ಒಂದು ಗಂಟೆ ಕುದಿಸುವುದು. 64ಕ್ಕೆ ಇಳಿಸಿದರೆ ತೆಳುವಾದ ಬಿಯರ್, 68ಕ್ಕೆ ಏರಿಸಿದರೆ ತುಂಬು ಮೈಯ ಬಿಯರ್. ಗ್ರೇನ್‌ಫಾದರ್‌ನಂಥ ವಿದ್ಯುತ್ ಪಾತ್ರೆಗಳು ಇದನ್ನೆಲ್ಲ ಒಂದೇ ಕಡೆ ಮಾಡುತ್ತವೆ, ಆದರೆ ದೊಡ್ಡ ಸ್ಟೀಲ್ ಪಾತ್ರೆ ಮತ್ತು ಬಟ್ಟೆಯ ಚೀಲದಿಂದಲೂ ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ. ನೆಲ್ಸನ್ ಸೀಮೆಯಲ್ಲಿ ಬೆಳೆಯುವ ಮೊಟುವೆಕಾ ಮತ್ತು ನೆಲ್ಸನ್ ಸೋವಿನ್ ಹಾಪ್ಸ್‌ಗಳಿಗಾಗಿ ಲೋಕದ ಬ್ರೂವರಿಗಳು ಕಾಯುತ್ತವೆ. ಅವು ನಮಗೆ ಇಲ್ಲೇ ತಾಜಾ ಸಿಗುವುದು ಭಾಗ್ಯ. ರಾಗಿಯನ್ನು ಸೇರಿಸಬಹುದೇ ಎಂದೂ ಕೇಳಿದ್ದಿರಿ. ಧಾರಾಳವಾಗಿ ಸೇರಿಸಬಹುದು, ಆದರೆ ಅದರ ಪಿಷ್ಟ ಬಾರ್ಲಿಗಿಂತ ಹೆಚ್ಚಿನ ಶಾಖದಲ್ಲಿ ಬೇಯುವುದರಿಂದ ಮೊದಲು ಅಂಬಲಿಯಂತೆ ಕುದಿಸಿ, ಆರಿಸಿ, ಆಮೇಲೆ ಮಾಲ್ಟಿಗೆ ಬೆರೆಸಬೇಕು. ಮೊಳಕೆಯೊಡೆಯುವ ಇಡೀ ರಾಗಿಯನ್ನು ಊರಿನಿಂದ ಹೇಳದೆ ತರಬೇಡಿ, ವಿಮಾನ ನಿಲ್ದಾಣದಲ್ಲಿಯೇ 400 ಡಾಲರ್ ದಂಡ ತೆರಬೇಕಾಗುತ್ತದೆ. ಹಿಟ್ಟು ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ.

ವರ್ಷ ಕಳೆದ ಮೇಲೂ ಆಸೆ ಉಳಿದಿದ್ದರೆ ಭಟ್ಟಿಪಾತ್ರೆಯನ್ನು ನೋಡಿ. ಯಾವ ಪಾನೀಯ ಬೇಕು ಎಂಬುದು ಪಾತ್ರೆಯನ್ನು ನಿರ್ಧರಿಸಬೇಕು. ಆವಿ ಕಂಬದಲ್ಲಿ ಮತ್ತೆ ಮತ್ತೆ ದ್ರವವಾಗಿ ಕೆಳಗಿಳಿಯುವ ರಿಫ್ಲಕ್ಸ್ ಪಾತ್ರೆ 90 ಶೇಕಡಾ ದಾಟಿದ ರುಚಿಯಿಲ್ಲದ ಶುದ್ಧ ಮದ್ಯಸಾರವನ್ನು ಕೊಡುತ್ತದೆ; ಜಿನ್, ವೋಡ್ಕಾಗಳಿಗೆ ಅದು ಸರಿ. ವಿಸ್ಕಿ, ಬ್ರಾಂಡಿಗಳಿಗೆ ಕಾಳಿನ ಮತ್ತು ಹಣ್ಣಿನ ರುಚಿ ಉಳಿಯಬೇಕಾದ್ದರಿಂದ ಅಂಥ ಕಂಬವಿಲ್ಲದ ಸರಳ ಪಾತ್ರೆ, ಅಂದರೆ ಪಾಟ್ ಸ್ಟಿಲ್ಲೇ ಬೇಕು, ಎರಡು ಸಲ ಇಳಿಸಬೇಕು. ಆವಿ ಹಾಯುವ ಹಾದಿಯಲ್ಲಿ ತಾಮ್ರವಿರಲಿ, ಅದು ಗಂಧಕದ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೀಸದ ಬೆಸುಗೆಯಾಗಲಿ, ಬಿಸಿ ಆವಿ ತಗಲುವೆಡೆ ಪ್ಲಾಸ್ಟಿಕ್ ಕೊಳವೆಯಾಗಲಿ ಖಂಡಿತ ಬೇಡ. ವಿದ್ಯುತ್ತಿನಿಂದ ಕಾಯುವ ಪಾತ್ರೆಯನ್ನೇ ಆರಿಸಿ. ಗ್ಯಾಸ್ ಉರಿಯ ಪಕ್ಕದಲ್ಲಿ ಮದ್ಯಸಾರದ ಆವಿ ಸೋರಿದರೆ ಮನೆಯೇ ಹೋಗುತ್ತದೆ. ಆವಿ ಹೊರಬರುವ ದಾರಿಯನ್ನು ಎಂದೂ ಮುಚ್ಚಬಾರದು, ತಣಿಸುವ ನೀರು ನಿಂತರೆ ತಕ್ಷಣ ಸ್ವಿಚ್ ಆರಿಸಬೇಕು, ಪಾತ್ರೆ ಕಾಯುತ್ತಿರುವಷ್ಟು ಹೊತ್ತು ಪಕ್ಕದಿಂದ ಏಳಬಾರದು. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಕೌಶಲವಿರುವುದು ಬೇರ್ಪಡಿಸುವುದರಲ್ಲಿ. 25 ಲೀಟರ್ ಕೊಳೆಯಿಂದ ಮೊದಲು ಬರುವ 150 ಮಿಲಿಲೀಟರಿನಷ್ಟನ್ನು ನಾನು ಚೆಲ್ಲಿಬಿಡುತ್ತೇನೆ. ಆಮೇಲಿನದನ್ನು ಸಣ್ಣ ಸಣ್ಣ ಗಾಜಿನ ಜಾಡಿಗಳಲ್ಲಿ ಕ್ರಮವಾಗಿ ಹಿಡಿದು, ತೆಳು ಬಟ್ಟೆ ಮುಚ್ಚಿ ಒಂದು ದಿನ ಬಿಟ್ಟು, ಮರುದಿನ ಪ್ರತಿಯೊಂದರಿಂದ ತುಸು ತೆಗೆದು ನೀರು ಬೆರೆಸಿ ಮೂಸುತ್ತೇನೆ. ಮೊದಲ ಜಾಡಿಗಳಲ್ಲಿ ಉಗುರುಬಣ್ಣದ ಘಾಟು, ಕೊನೆಯವುಗಳಲ್ಲಿ ಒದ್ದೆ ರಟ್ಟಿನ ವಾಸನೆ. ನಡುವಿನವು ಮಾತ್ರ ಕುಡಿಯಲು. ನಡುವಿನ ಗಡಿಯನ್ನು ಆಸೆಯಿಂದ ಹಿಗ್ಗಿಸಿದಷ್ಟೂ ಪಾನೀಯ ಕೆಡುತ್ತದೆ.

ತಂದೆಯವರ ಭಯ ಸಕಾರಣವಾದದ್ದು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದದ್ದನ್ನು ಅವರ ತಲೆಮಾರು ಮರೆಯಲಾರದು. ಆದರೆ ಅಂಥ ದುರಂತಗಳಲ್ಲಿ ಕೊಲ್ಲುವ ಮೆಥನಾಲ್ ಎಂಬ ವಿಷಕಾರಿ ಮದ್ಯಸಾರ ಬಹುಮಟ್ಟಿಗೆ ಹುದುಗಿನಿಂದ ಬಂದದ್ದಲ್ಲ, ಲಾಭಕ್ಕಾಗಿ ಹೊರಗಿನಿಂದ ಬೆರೆಸಿದ ಕೈಗಾರಿಕಾ ದ್ರವ ಎಂದು ಅವರಿಗೆ ತಿಳಿಸಿ. ಸಕ್ಕರೆ ಮತ್ತು ಕಾಳಿನ ಕೊಳೆಯಲ್ಲಿ ಮೆಥನಾಲ್ ಅತ್ಯಲ್ಪ. ಪೆಕ್ಟಿನ್ ಎಂಬ ಅಂಟು ಪದಾರ್ಥ ಇರುವ ಹಣ್ಣುಗಳಲ್ಲಿ ಹೆಚ್ಚು. ಮೊದಲ ಭಾಗವನ್ನು ಚೆಲ್ಲಿದರೆ ಅದೆಲ್ಲ ಹೋಯಿತೆಂಬ ನಂಬಿಕೆ ಇಲ್ಲಿ ಬಹಳ ಜನರಲ್ಲಿದೆ, ಅದು ಸರಿಯಲ್ಲ. ಮೆಥನಾಲ್ ಕೊನೆಯವರೆಗೂ ಸ್ವಲ್ಪ ಸ್ವಲ್ಪವಾಗಿ ಬರುತ್ತಲೇ ಇರುತ್ತದೆ. ಹಾಗಾಗಿ ಹಣ್ಣಿನ ವೈನನ್ನು ತಿಳಿಗೊಳಿಸಲು ಬಳಸುವ, ಪೆಕ್ಟಿನ್ ಒಡೆಯುವಾಗ ಮೆಥನಾಲನ್ನು ಬಿಡಿಸುವ ಕಿಣ್ವವನ್ನು, ಭಟ್ಟಿಗೆ ಹೋಗುವ ಕೊಳೆಗೆ ನಾನು ಹಾಕುವುದಿಲ್ಲ.

ನೀವು ಇರುವ ಬೀದಿಯಲ್ಲಿ ಏಪ್ರಿಲ್ ಹೊತ್ತಿಗೆ ಫೀಜೋವಾ ಹಣ್ಣು ಬೇಲಿಯಾಚೆಗೂ ಉದುರುತ್ತದೆ, ನೆರೆಯವರು ಚೀಲಗಟ್ಟಲೆ ಕೊಡುತ್ತಾರೆ. ತಿರುಳನ್ನು ಒಂದು ವಾರ ಫ್ರೀಜರಿನಲ್ಲಿಟ್ಟು ಕರಗಿಸಿದರೆ ರಸ ತಾನಾಗಿ ಬಿಡುತ್ತದೆ. ಅದರ ವೈನ್ ಆರು ತಿಂಗಳಲ್ಲಿ ನಮ್ಮ ಕೊಡಗಿನ ನೆಲ್ಲಿಕಾಯಿ ವೈನನ್ನು ನೆನಪಿಸುವಷ್ಟು ಹದಕ್ಕೆ ಬರುತ್ತದೆ. ನಿಮ್ಮ ಗರಾಜಿನಲ್ಲಿ ಫ್ರಿಜ್ ಇಡಲು ಜಾಗವಿದೆಯೇ, ಮನೆಯ ಮಾಲೀಕರ ಒಪ್ಪಿಗೆ ಇದೆಯೇ ತಿಳಿಸಿ. ನನ್ನ ಬಳಿ ಹಳೆಯ ಉಷ್ಣತಾ ನಿಯಂತ್ರಕವೊಂದು ಇನ್ನೂ ಸರಿಯಾಗಿ ಕೆಲಸ ಮಾಡುತ್ತಿದೆ. ಅದನ್ನು ನಿಮಗಾಗಿ ತೆಗೆದಿಟ್ಟಿರುತ್ತೇನೆ.