ಬರೆದುಕೊಟ್ಟ ಮಾತ್ರಕ್ಕೆ ಹಕ್ಕು ಹೋಗದು

ಪ್ರಶ್ನೆ: 2025ರ ಮಾರ್ಚ್‌ನಲ್ಲಿ ಪೀಣ್ಯದ ಕಾರ್ಖಾನೆಯೊಂದರ ಪ್ರೆಸ್ ಯಂತ್ರಕ್ಕೆ ಸಿಕ್ಕಿ ನಮ್ಮ ಯಜಮಾನರ ಎರಡು ಬೆರಳುಗಳು ತುಂಡಾದವು. ಆಸ್ಪತ್ರೆಯ ಬಿಲ್ ಕಟ್ಟಿದ ಗುತ್ತಿಗೆದಾರರು ‘ಇನ್ನೇನೂ ಕೇಳುವುದಿಲ್ಲ’ ಎಂದು ಬರೆಸಿಕೊಂಡಿದ್ದಾರೆ. ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಇರಲಿಲ್ಲ. ಪರಿಹಾರ ಕೇಳಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಕೇಳಬಹುದು. ಅಪಘಾತದ ದಿನ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಕಲಮಿನಂತೆ, ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಇಂಥ ಒಪ್ಪಂದ ಅನೂರ್ಜಿತ. ಚಿಕಿತ್ಸೆಯ ವೆಚ್ಚ ಭರಿಸುವುದು ಮಾಲೀಕರ ಪ್ರತ್ಯೇಕ ಹೊಣೆಯಾದ್ದರಿಂದ, ಬಿಲ್ ಕಟ್ಟಿದ್ದೇ ಪರಿಹಾರವೆಂಬ ವಾದವು (ಕೇಳಲು ಎಷ್ಟೇ ಉದಾರವಾಗಿದ್ದರೂ) ನಿಲ್ಲದು. ಕಾರ್ಖಾನೆಯ ಎಂದಿನ ಕೆಲಸವನ್ನೇ ಗುತ್ತಿಗೆಗೆ ಕೊಟ್ಟಿದ್ದರೆ, 12ನೇ ಕಲಮಿನಡಿ ಕಾರ್ಖಾನೆಯ ಮಾಲೀಕರನ್ನೂ ಹೊಣೆ ಮಾಡಬಹುದು. ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಆಸ್ಪತ್ರೆಯ ದಾಖಲೆ, ಹಾಜರಿ ಚೀಟಿಗಳನ್ನು ಜೋಪಾನವಾಗಿಡಿ. ವಕೀಲರ ಶುಲ್ಕ ಭಾರವೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.