ಫೋಲ್ಡರ್‌ಗಳಲ್ಲಿ ಓಡಾಡಲು ಯಾವ ನೋಟ ಅನುಕೂಲಕರ?

ಚಿಕ್ಕಮಗಳೂರಿನ ಕಾಫಿ ತೋಟದ ಕಚೇರಿಯಲ್ಲಿ ವರ್ಷ, ತೋಟದ ವಿಭಾಗ, ತಿಂಗಳು ಎಂದು ಒಂದರೊಳಗೊಂದು ಇರಿಸಿದ ಹಾಜರಿ ಪಟ್ಟಿಗಳನ್ನು ತೆರೆಯಲು ಯಾವ ನೋಟ ಸುಲಭ ಎಂದು ಕೇಳಿದ್ದೀರಿ. ಇಂತಹ ಕ್ರಮಬದ್ಧ ಜೋಡಣೆಗೆ ಕಾಲಂ ನೋಟವೇ ಉತ್ತಮವೆಂಬುದು ನನ್ನ ದೃಢವಾದ ಅಭಿಪ್ರಾಯ.

ನೆಕ್ಸ್ಟ್‌ಸ್ಟೆಪ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯಿಂದ ಮ್ಯಾಕ್‌ನ ಕಡತ ನಿರ್ವಾಹಕವಾದ ಫೈಂಡರ್‌ಗೆ ಬಂದ ಈ ಪದ್ಧತಿಯಲ್ಲಿ ವರ್ಷವನ್ನು ಒತ್ತಿದರೆ ವಿಭಾಗಗಳೂ, ವಿಭಾಗವನ್ನು ಒತ್ತಿದರೆ ತಿಂಗಳುಗಳೂ ಬಲಗಡೆಯ ಕಾಲಂಗಳಲ್ಲಿ ತೆರೆದುಕೊಳ್ಳುವುದರಿಂದ, ಬಂದ ದಾರಿಯೂ ಅಕ್ಕಪಕ್ಕದ ಫೋಲ್ಡರ್‌ಗಳೂ ಏಕಕಾಲಕ್ಕೆ ಕಣ್ಣೆದುರಿಗಿರುತ್ತವೆ. ಒಂದು ತಿಂಗಳಿನಿಂದ ಮುಂದಿನ ತಿಂಗಳಿಗೆ ಹೋಗಲು ಬಾಣದ ಕೀಲಿಯೇ ಸಾಕು. ಉದ್ದನೆಯ ಹೆಸರುಗಳು ಮೊಟಕಾಗಿ ಕಾಣುವುದು ಇದರ ನಿಜವಾದ ಕೊರತೆ.

ವಿಂಡೋಸ್‌ನಲ್ಲಿ ಈ ನೋಟವಿಲ್ಲ. ಅಲ್ಲಿ ಎಡಗಡೆಯಲ್ಲಿ ಫೋಲ್ಡರ್‌ಗಳನ್ನು ಮರದ ಕವಲುಗಳಂತೆ ತೋರಿಸುವ ಪಟ್ಟಿಯು ದೂರದ ಫೋಲ್ಡರ್‌ಗೆ ಕಡತವನ್ನು ಎಳೆದು ಹಾಕಲು ಒಳ್ಳೆಯದು, ಆದರೆ ಹಲವು ಕವಲುಗಳು ತೆರೆದಾಗ ಬಹಳ ಉದ್ದವಾಗುತ್ತದೆ. ಅದಕ್ಕಿಂತ ವಿಂಡೋಸ್ ವಿಸ್ಟಾ ಆವೃತ್ತಿಯಿಂದೀಚೆಗೆ ಬಂದಿರುವ, ಫೋಲ್ಡರಿನ ದಾರಿಯನ್ನು ಕಿಟಕಿಯ ಮೇಲ್ಭಾಗದಲ್ಲಿ ತೋರಿಸುವ ವಿಳಾಸಪಟ್ಟಿಯನ್ನು ಬಳಸಿರಿ: ಪ್ರತಿ ಹೆಸರಿನ ಪಕ್ಕದ ಪುಟ್ಟ ಬಾಣವನ್ನು ಒತ್ತಿದರೆ (ಇದನ್ನು ಬಹಳಷ್ಟು ಜನ ಗಮನಿಸುವುದೇ ಇಲ್ಲ) ಅದರೊಳಗಿನ ಫೋಲ್ಡರ್‌ಗಳೆಲ್ಲ ಕಾಣುತ್ತವೆ.

ಪ್ರತಿ ಫೋಲ್ಡರ್‌ಗೂ ಹೊಸ ಕಿಟಕಿ ತೆರೆಯುವ ಕ್ರಮವನ್ನು 2004ರಲ್ಲಿ ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಡೆಸ್ಕ್‌ಟಾಪ್‌ನ 2.6 ಆವೃತ್ತಿ ಅಳವಡಿಸಿತ್ತು, ಆಳವಾದ ಜೋಡಣೆಯಲ್ಲಿ ಅದು ಪರದೆಯನ್ನೇ ತುಂಬಿಬಿಡುತ್ತದೆ. ಹುಡುಕಾಟವನ್ನು ನೆಚ್ಚುವುದಾದರೆ, ಕಡತದ ಹೆಸರಿನಲ್ಲಿಯೇ ವರ್ಷ, ತಿಂಗಳು, ವಿಭಾಗ ಇರಬೇಕು.